ಹಲ್ಲು ಹಿಂದಕ್ಕೆ ಎಳೆಯೋಕೆ ಸ್ಕ್ರೂನಾ, ನ್ಯಾನ್ಸ್ ಬಟನ್ನಾ?

ಅನು_ಮೈಸೂರು:
ಮಗಳಿಗೆ 15 ವರ್ಷ. ಮೇಲಿನ ಹಲ್ಲು ತುಂಬಾ ಮುಂದೆ ಬಂದಿವೆ, ತುಟಿ ಮುಚ್ಚೋಕೂ ಕಷ್ಟ. ಕೋರೆಹಲ್ಲಿನ ಹಿಂದಿನದನ್ನು ಎರಡೂ ಕಡೆ ಒಂದೊಂದು ತೆಗೆದು ಕ್ಲಿಪ್ ಹಾಕಬೇಕಂತೆ. ಒಬ್ಬ ಡಾಕ್ಟರು ಮೂಳೆಗೆ ಸಣ್ಣ ಸ್ಕ್ರೂ ಹಾಕಿ ಎಳೆಯೋಣ ಅಂತಾರೆ, ಇನ್ನೊಬ್ಬರು ಅಂಗುಳಕ್ಕೆ ನ್ಯಾನ್ಸ್ ಬಟನ್ (ದವಡೆ ಹಲ್ಲಿಗೆ ತಂತಿಯಿಂದ ಸೇರಿಸಿದ ಪ್ಲಾಸ್ಟಿಕ್ ಬಿಲ್ಲೆ) ಸಾಕು ಅಂತಾರೆ. ಸ್ಕ್ರೂ ಅಂದ ಕೂಡಲೇ ಮಗಳು ಅಳೋಕೆ ಶುರು ಮಾಡಿದಳು. ಯಾವುದು ಒಳ್ಳೆಯದು?

ಹಲ್ಲಿನ_ಡಾಕ್ಟರ್:
ಮೇಡಂ, ಎರಡೂ ಸರಿಯಾದ ವಿಧಾನಗಳೇ. ಹಲ್ಲು ತೆಗೆದಾಗ ಒಂದೊಂದು ಕಡೆ ಸುಮಾರು 7 ಮಿ.ಮೀ. ಜಾಗ ಸಿಗುತ್ತದೆ. ಮುಂದಿನ ಆರು ಹಲ್ಲನ್ನು ದವಡೆ ಹಲ್ಲಿನ ಆಸರೆಯಲ್ಲಿ ಎಳೆದರೆ ಹಗ್ಗಜಗ್ಗಾಟದ ಹಾಗೆ ದವಡೆ ಹಲ್ಲೂ ಮುಂದಕ್ಕೆ ಜರುಗುತ್ತದೆ. ಅದು 3 ಮಿ.ಮೀ. ಬಂತು ಅಂದರೆ ಮುಂದಿನ ಹಲ್ಲಿಗೆ ಉಳಿಯೋದು 4 ಮಾತ್ರ. ಹಾಗಾಗಿ 'ನನ್ನ ಮಗಳಿಗೆ ಈ 7ರಲ್ಲಿ ಎಷ್ಟು ಬೇಕು' ಅಂತ ಮೊದಲು ಕೇಳಿ. ಪೂರ್ತಿ ಬೇಕಿದ್ದರೆ ನಾನು ಸ್ಕ್ರೂ ಕಡೆ, ಅದಕ್ಕೆ ಆಸರೆ ಹಲ್ಲಲ್ಲ, ಮೂಳೆ. ಸ್ವಲ್ಪ ಜರುಗಿದರೂ ನಡೆಯುತ್ತೆ ಅನ್ನೋದಾದರೆ ಬಟನ್ ಸಾಕು, ಸುಮ್ನೆ ಸ್ಕ್ರೂ ಯಾಕೆ?

ಹಾಗಂತ ಬಟನ್ ತೀರಾ ಹಿಂದೆ ಅಂತಲ್ಲ. ಬ್ರಿಟನ್‌ನಲ್ಲಿ 12ರಿಂದ 18 ವರ್ಷದ 78 ಮಕ್ಕಳಲ್ಲಿ ಹೆಡ್‌ಗೇರ್ (ತಲೆ ಅಥವಾ ಕತ್ತಿಗೆ ಪಟ್ಟಿ ಹಾಕಿ ಹೊರಗಿನಿಂದ ದವಡೆ ಹಲ್ಲನ್ನು ಹಿಡಿದಿಡೋ ಸಾಧನ), ನ್ಯಾನ್ಸ್, ಸ್ಕ್ರೂ ಮೂರನ್ನೂ ಹೋಲಿಸಿ 2014ರಲ್ಲಿ ಪ್ರಕಟಿಸಿದರು. ದವಡೆ ಹಲ್ಲನ್ನು ಹಿಡಿದಿಡೋದರಲ್ಲಿ ಮೂರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಚಿಕಿತ್ಸೆ ಮುಗಿದಾಗ ಹಲ್ಲು ಕೂತ ರೀತಿ ಸ್ಕ್ರೂ ಹಾಕಿದವರಲ್ಲಿ ಜಾಸ್ತಿ ಚೆನ್ನಾಗಿತ್ತು. ಹೆಡ್‌ಗೇರ್ ದಿನಕ್ಕೆ ಹನ್ನೆರಡು ಗಂಟೆಯಾದರೂ ಹಾಕಬೇಕು, ಹದಿನೈದರ ಹುಡುಗಿ ಹಾಕ್ತಾಳಾ?

ಕ್ಲಿಪ್_ಹುಡುಗ:
ನನಗೆ ಎರಡು ಸ್ಕ್ರೂ ಹಾಕಿದ್ದರು, ದವಡೆ ಹಲ್ಲು ಮತ್ತು ಅದರ ಮುಂದಿನ ಹಲ್ಲಿನ ಬೇರುಗಳ ನಡುವೆ. ಒಸಡಿಗೆ ಸ್ವಲ್ಪ ಇಂಜೆಕ್ಷನ್ ಕೊಟ್ಟರು, ಆಮೇಲೆ ಒತ್ತಿದ ಹಾಗೆ ಆಯ್ತೇ ಹೊರತು ನೋವಿಲ್ಲ. ಹಲ್ಲು ಕೀಳಿಸಿದ್ದೇ ಇದಕ್ಕಿಂತ ಕಷ್ಟ ಅನ್ನಿಸಿತ್ತು. ಸ್ಕ್ರೂ ತಲೆಯ ಸುತ್ತ ಅವಲಕ್ಕಿ ಚೂರು ಸಿಕ್ಕಿಕೊಂಡರೆ ಒಸಡು ಊದುತ್ತೆ, ಮೆತ್ತನೆ ಬ್ರಷ್‌ನಿಂದ ದಿನಾ ಉಜ್ಜಲೇಬೇಕು. ಎಡಗಡೆಯದು ಸಡಿಲ ಆಗಿ ಪಕ್ಕದಲ್ಲಿ ಮತ್ತೆ ಹಾಕಬೇಕಾಯ್ತು.

ಸುಮಾ_ಹುಬ್ಬಳ್ಳಿ:
ಅಕ್ಕ, ನನ್ನ ಮಗನಿಗೆ ಬಟನ್ ಹಾಕಿದ್ದರು. ದವಡೆ ಹಲ್ಲಿನ ಉಂಗುರದಿಂದ ತಂತಿ ಬಂದು ಅಂಗುಳದ ಮುಂಭಾಗದಲ್ಲಿ ಪ್ಲಾಸ್ಟಿಕ್ ಬಿಲ್ಲೆ ಕೂತಿರುತ್ತೆ. ಮೊದಲ ವಾರ ಮಾತು ತೊದಲಿತು. ಬಿಲ್ಲೆ ಅಡಿಗೆ ಅನ್ನ ಸೇರಿ ವಾಸನೆ ಬರ್ತಿತ್ತು, ಸೂಜಿ ಇಲ್ಲದ ಸಿರಿಂಜ್‌ನಲ್ಲಿ ನೀರು ಹಾಯಿಸಿ ತೊಳೀತಿದ್ದೆ. ತೆಗೆದಾಗ ಅಂಗುಳ ಕೆಂಪಗೆ ಒತ್ತಿಕೊಂಡಿತ್ತು, ಆಮೇಲೆ ಸರಿಹೋಯ್ತು.

ಅನು_ಮೈಸೂರು:
ಡಾಕ್ಟರೇ, ಸ್ಕ್ರೂ ಸಡಿಲ ಆಗೋದು ಸಾಮಾನ್ಯನಾ?

ಹಲ್ಲಿನ_ಡಾಕ್ಟರ್:
ನೂರರಲ್ಲಿ ಹದಿಮೂರು ಹದಿನಾಲ್ಕು ಸಡಿಲ ಆಗುತ್ತವೆ. ದೊಡ್ಡ ಅಪಾಯ ಇಲ್ಲ, ತೆಗೆದು ಬೇರೆ ಜಾಗಕ್ಕೆ ಹಾಕಬಹುದು. ಮನೆಯಲ್ಲಿ ಮುಟ್ಟಿ ತಿರುಗಿಸೋಕೆ ಮಾತ್ರ ಬಿಡಬೇಡಿ. ಹಾಕುವ ಮೊದಲು ಬೇರುಗಳ ನಡುವೆ ಜಾಗ ಇದೆಯಾ ಅಂತ ಎಕ್ಸ್‌ರೇ ನೋಡಲೇಬೇಕು, ಮಗಳನ್ನೂ ಕೂರಿಸಿಕೊಂಡು ಆ ಎಕ್ಸ್‌ರೇ ತೋರಿಸಿ ಅಂತ ಕೇಳಿ.