ಸಹಾಯ ಬೇಕು: ನಾಯಿ ಜೊತೆ ಚಿಕ್ಕಮಗಳೂರಿನಿಂದ ಕಾಪುವಿಗೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಕಾರಿನಲ್ಲಿ ಕಾಪುವಿಗೆ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, ಮತ್ತೆ ಕರಿಯ. ಕರಿಯ ನಾಟಿ ನಾಯಿ, ತೋಟದಲ್ಲೇ ಬೆಳೆದವನು. ಅವಸರವಿಲ್ಲ, ನಿಂತು ನಿಂತು ಹೋಗುವ ಆಸೆ.

ಚಿಂತೆ ಇರುವುದು ಘಾಟಿಯದ್ದು. ತಿರುವು ಬಂದರೆ ಸಾಕು, ಜೊಲ್ಲು ಸುರಿಸಿ ವಾಂತಿ ಮಾಡುತ್ತಾನೆ. ಕುದುರೆಮುಖದ ದಾರಿ ಚೆಂದ, ಆದರೆ ಕಾಡಿನೊಳಗೆ ಬೇಕಾದಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. ನಾಯಿಯನ್ನು ಇಳಿಸುವುದಂತೂ ಬೇಡವೇ ಬೇಡ. ಹಾಗಾಗಿ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಉಜಿರೆ, ಕಾರ್ಕಳ, ಪಡುಬಿದ್ರಿ ಅಂತ ಅಂದುಕೊಂಡಿದ್ದೇವೆ. ಕೊಟ್ಟಿಗೆಹಾರದಲ್ಲಿ ನಮಗೆ ನೀರುದೋಸೆ, ಅವನಿಗೆ ಉಪವಾಸ (ಪಾಪ!). ಪಶುವೈದ್ಯರು ಬರೆದುಕೊಡುವ ವಾಂತಿ ಮಾತ್ರೆ ಕೊಟ್ಟು ನೋಡಿದವರು ಇದ್ದೀರಾ? ನಿದ್ದೆ ಜಾಸ್ತಿ ಬರುತ್ತಾ? ಎಷ್ಟು ಹೊತ್ತು ಮೊದಲು ಕೊಟ್ಟಿರಿ?

ಕಾಪು, ಮಟ್ಟು ಸುತ್ತ ನಾಯಿಯನ್ನು ಕೋಣೆಯೊಳಗೇ ಬಿಡುವ ಹೋಂಸ್ಟೇ ಬೇಕು. ಫೋನಿನಲ್ಲಿ "ಕರ್ಕೊಂಡು ಬನ್ನಿ" ಅಂದು, ಹೋದ ಮೇಲೆ ಹೊರಗೆ ಕಟ್ಟಿ ಅನ್ನುವ ಜಾಗ ಬೇಡ.

ಪಡುಬಿದ್ರಿಯ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದೆ, ಆ ನಿಯಮದಲ್ಲಿ ನಾಯಿಗಳ ವಿಷಯ ಕಟ್ಟುನಿಟ್ಟು. ಕಾಪುವಿನ ದೀಪಸ್ತಂಭದ ಹತ್ತಿರ ಸಂಜೆ ಜನವೋ ಜನ. ಬೆಳಗ್ಗೆ ಬೇಗ ಹಗ್ಗ ಹಿಡಿದು ಅಡ್ಡಾಡಿಸಲು ಸುಮ್ಮನಿರುವ ದಡ ಯಾವುದು? ಬೀದಿ ನಾಯಿಗಳ ಕಾಟ ಕಡಿಮೆ ಇದ್ದರೆ ಒಳ್ಳೆಯದು. ಉಪ್ಪುನೀರು ಕುಡಿದರೆ ಹೊಟ್ಟೆ ಕೆಡುತ್ತದೆ ಅಲ್ವಾ, ಕುಡಿಯುವ ನೀರು ನಾವೇ ತರುತ್ತೇವೆ.

ಉಡುಪಿ ಕಡೆ ಭಾನುವಾರವೂ ಸಿಗುವ ಪಶುವೈದ್ಯರಿದ್ದರೆ ಅದನ್ನೂ ತಿಳಿಸಿ.