ನಾಲ್ವರು ಗೆಳೆಯರು, ಒಂದೇ ದೋಣಿ: ದಾರ ಸಿಕ್ಕಾಗದಂತೆ ಕಡಲಲ್ಲಿ ಗಾಳ ಹಾಕುವುದು ಹೇಗೆ?

ತಿಳಿನೀರು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಗಾಳ ಹಾಕುವವರು ನಾಲ್ಕು ಜನ ಗೆಳೆಯರು, ದೋಣಿ ನಡೆಸುವವರು ಒಬ್ಬರು. 22 ಅಡಿಯ ಫೈಬರ್ ದೋಣಿ, ಔಟ್‌ಬೋರ್ಡ್ ಎಂಜಿನ್. ಬೆಳಕು ಹರಿಯುವ ಮೊದಲು ಹೊರಟು ಮಧ್ಯಾಹ್ನದೊಳಗೆ ವಾಪಸ್. ಆಳ 25ರಿಂದ 35 ಮೀಟರ್, ತಳದಲ್ಲಿ ಕಲ್ಲು. ಎಂಜಿನ್ ನಿಲ್ಲಿಸಿ, ದೋಣಿಯನ್ನು ತೇಲಲು ಬಿಟ್ಟು ತಳದ ಮೀನಿಗೆ ಗಾಳ ಇಳಿಸುವ ಯೋಚನೆ.

ತೊಂದರೆ ಮೂರು. ನಾಲ್ಕು ದಾರ ನೀರಿಗಿಳಿದ ಹತ್ತೇ ನಿಮಿಷಕ್ಕೆ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಕಲ್ಲಿಗೆ ಸಿಕ್ಕಿ ಸೀಸ, ಗಾಳ ಎಲ್ಲವೂ ಹೋಗುತ್ತವೆ. ಸಿಕ್ಕಿದ ಮೀನು ದಡ ಸೇರುವಷ್ಟರಲ್ಲಿ ಮೆತ್ತಗಾಗುತ್ತದೆ. ಸೀಸ ಎಷ್ಟು ಗ್ರಾಂ, ಯಾರು ಎಲ್ಲಿ ಕೂರಬೇಕು, ಐಸ್ ಎಷ್ಟು ಬೇಕು, ಲೆಕ್ಕ ಸಮೇತ ಹೇಳಿದರೆ ದೊಡ್ಡ ಉಪಕಾರ.

ತೆರೆನೊರೆ:

ದಾರ ಸಿಕ್ಕಾಗುವುದು ಜಾಗ ಸಾಲದೆ ಅಲ್ಲ, ನಾಲ್ವರ ಸಾಮಾನು ನಾಲ್ಕು ಥರ ಇರುವುದರಿಂದ. ಒಬ್ಬರದು 0.28 ಮಿ.ಮೀ. ಬ್ರೇಡ್ (ಎಳೆಗಳನ್ನು ಹೆಣೆದ ದಾರ), ಇನ್ನೊಬ್ಬರದು 0.50 ಮಿ.ಮೀ. ನೈಲಾನ್ ಅಂತಿಟ್ಟುಕೊಳ್ಳಿ. ಎರಡೂ ಸುಮಾರು 14 ಕೆ.ಜಿ. ತಡೆಯುವ ದಾರಗಳೇ, ಆದರೆ ದಪ್ಪನೆಯದನ್ನು ನೀರು ಹೆಚ್ಚುಕಡಿಮೆ ಎರಡರಷ್ಟು ಜೋರಾಗಿ ತಳ್ಳುತ್ತದೆ. ಅದರ ಮೇಲೆ ಒಬ್ಬರ ಸೀಸ 100 ಗ್ರಾಂ, ಪಕ್ಕದವರದು 250 ಗ್ರಾಂ. ಒಂದು ದಾರ ನೆಟ್ಟಗೆ ಇಳಿಯುತ್ತದೆ, ಇನ್ನೊಂದು ಓರೆಯಾಗಿ ಹೋಗಿ ಅದಕ್ಕೇ ಸುತ್ತಿಕೊಳ್ಳುತ್ತದೆ. ಹಾಗಾಗಿ ದೋಣಿಗೆಲ್ಲ ಒಂದೇ ದಪ್ಪದ ದಾರ, ಒಂದೇ ತೂಕದ ಸೀಸ. ಒಬ್ಬರು ತೂಕ ಬದಲಿಸಿದರೆ ನಾಲ್ವರೂ ಬದಲಿಸಬೇಕು. ಈ ವಿಷಯದಲ್ಲಿ ಗೆಳೆತನದ ದಾಕ್ಷಿಣ್ಯ ಬೇಡ, ದಡದಲ್ಲೇ ಮಾತಾಡಿಕೊಳ್ಳಿ.

30 ಮೀಟರಿಗೆ 200 ಗ್ರಾಂನಿಂದ ಶುರು ಮಾಡಿ. ದಾರ ನೀರಿಗೆ ಇಳಿಯುವ ಓರೆ ನೋಡಿ: ನೆಟ್ಟಗಿನಿಂದ 30 ಡಿಗ್ರಿಗಿಂತ ಹೆಚ್ಚು ವಾಲಿದರೆ 250, ಆಮೇಲೆ 300. 45 ಡಿಗ್ರಿ ವಾಲಿತೆಂದರೆ 30 ಮೀಟರ್ ಆಳಕ್ಕೆ 42 ಮೀಟರ್ ದಾರ ಹೊರಗಿರುತ್ತದೆ. ಮೀನು ಮುಟ್ಟಿದ್ದು ಕೈಗೆ ತಿಳಿಯುವುದು ತಡವಾಗುತ್ತದೆ, ಸೀಸ ಕಲ್ಲಿನ ಮೇಲೆ ಉಜ್ಜಿಕೊಂಡು ಹೋಗುತ್ತದೆ. 300ಕ್ಕೂ ನಿಲ್ಲದಿದ್ದರೆ ಸೀಸ ಏರಿಸುತ್ತಾ ಹೋಗಬೇಡಿ, ದೋಣಿಯ ಓಟವನ್ನೇ ತಗ್ಗಿಸಿ. ನೀರಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ ಬಟ್ಟೆಯ ತೇಲು ಲಂಗರು ಇದಕ್ಕೇ ಇರುವುದು. ಆದರೆ ಅದು ತಡೆಯುವುದು ಗಾಳಿಯ ತಳ್ಳುವಿಕೆಯನ್ನು ಮಾತ್ರ. ನೀರಿನ ಸೆಳೆತವೇ ಜೋರಾಗಿದ್ದರೆ ಅದೂ ನೀರಿನ ಜೊತೆಗೇ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಹೆಚ್ಚು, ಅಷ್ಟಮಿ ಹೊತ್ತಿಗೆ ಕಡಿಮೆ. ದಿನ ಗೊತ್ತು ಮಾಡುವಾಗ ಇದನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಕೂರುವ ಜಾಗ. ತೇಲುವ ದೋಣಿ ಗಾಳಿಗೆ ಅಡ್ಡ ತಿರುಗಿ ನಿಲ್ಲುತ್ತದೆ. ಗಾಳಿ ಬರುವ ಕಡೆ ಬಿಟ್ಟ ದಾರ ದೋಣಿಯಿಂದ ದೂರ ಸರಿಯುತ್ತದೆ, ಎದುರು ಬದಿಯಲ್ಲಿ ಬಿಟ್ಟದ್ದು ದೋಣಿಯ ಅಡಿಗೆ ನುಗ್ಗುತ್ತದೆ. ಮೂವರು ಗಾಳಿ ಬರುವ ಕಡೆ, ತಲಾ ಒಂದೂವರೆ ಮೀಟರ್ ಅಂತರದಲ್ಲಿ ಇರಲಿ. ನಾಲ್ಕನೆಯವರು ದೋಣಿಯ ಮೂತಿಯಲ್ಲಿ ನಿಂತು ಮುಂದಕ್ಕೆ ಬಿಡಲಿ. ನಾಲ್ವರೂ ಒಂದೇ ಅಂಚಿಗೆ ಒರಗಿದರೆ ಈ ಅಳತೆಯ ದೋಣಿ ವಾಲುತ್ತದೆ, ಆಗ ದೋಣಿ ನಡೆಸುವವರು ಎದುರು ಬದಿಗೆ ಸರಿಯಬೇಕು. ಎಂಜಿನ್ನಿನ ಪಕ್ಕದಲ್ಲಿ ಯಾರೂ ಬೇಡ, ದಾರ ಫ್ಯಾನಿಗೆ ಸಿಕ್ಕರೆ ಮೀನೂ ಹೋಯಿತು, ಸಮಯವೂ ಹೋಯಿತು.

ದಾರ ಬಿಡುವಾಗ ಎಸೆಯಬೇಡಿ. ರಾಡ್ ತುದಿಯಿಂದ ನೇರ ಕೆಳಕ್ಕೆ ಬಿಡಿ, ಸ್ಪೂಲ್ ಮೇಲೆ ಹೆಬ್ಬೆರಳು ಸವರಿಕೊಂಡೇ ಇರಲಿ. ಸೀಸ ತಳ ಮುಟ್ಟಿದ ಕ್ಷಣ ಹೆಬ್ಬೆರಳು ಒತ್ತಿ ಹಿಡಿಯದಿದ್ದರೆ ಸ್ಪೂಲ್ ಸುತ್ತುತ್ತಲೇ ಇರುತ್ತದೆ, ಸಡಿಲ ದಾರ ಹಕ್ಕಿಗೂಡಿನಂತೆ ಗೋಜಲಾಗುತ್ತದೆ. ತಳ ಮುಟ್ಟಿದ ಕೂಡಲೇ ರೀಲ್ ಒಂದು ಸುತ್ತು ಏರಿಸಿ. ಎರಡು ಮೂರು ನಿಮಿಷಕ್ಕೊಮ್ಮೆ ಮತ್ತೆ ತಳ ಮುಟ್ಟಿಸಿ ನೋಡಿ, ಏಕೆಂದರೆ ದೋಣಿ ಸರಿದಂತೆ ಆಳವೂ ಬದಲಾಗುತ್ತದೆ.

ಇಷ್ಟಾಗಿಯೂ ಸಿಕ್ಕಾದರೆ ಇಬ್ಬರೂ ಒಟ್ಟಿಗೆ ಸುತ್ತಿ ಎಳೆಯುವುದೇ ದೊಡ್ಡ ತಪ್ಪು. ಬ್ರೇಡ್ ಮೇಲೆ ಬ್ರೇಡ್ ಬಿಗಿದರೆ ಕತ್ತರಿಸದೆ ಬೇರೆ ದಾರಿ ಇಲ್ಲ. ಒಬ್ಬರು ಮಾತ್ರ ಎಳೆಯಬೇಕು, ಇನ್ನೊಬ್ಬರು ರೀಲ್ ತೆರೆದು ದಾರ ಸಡಿಲ ಬಿಡಬೇಕು. ಗೋಜಲು ಕೈಗೆ ಬಂದಾಗ ಸಡಿಲ ಬಿಟ್ಟವರ ಸೀಸವನ್ನು ಬಿಚ್ಚಿ, ಆ ತುದಿಯನ್ನು ಒಂದೊಂದೇ ಕುಣಿಕೆಯಿಂದ ಹಿಂದಕ್ಕೆ ತೆಗೆಯಿರಿ. ಮೀನು ಕಚ್ಚಿರುವ ದಾರವಿದ್ದರೆ ಅದೇ ಬಿಗಿಯಾಗಿರಬೇಕು. ದೊಡ್ಡ ಮೀನಾದರೆ ಉಳಿದ ಮೂವರೂ ತಕ್ಷಣ ದಾರ ಮೇಲೆತ್ತಲಿ.

ಸೀಸದಗುಂಡು:

ಕಲ್ಲಿಗೆ ಸಾಮಾನು ಬಲಿ ಕೊಡುವ ವಿಷಯಕ್ಕೆ ಬರುತ್ತೇನೆ. ಬ್ರೇಡ್ ತುದಿಗೆ 0.80 ಮಿ.ಮೀ. ನೈಲಾನ್ ಲೀಡರ್ (ಗಾಳದ ಕಡೆಯ ದಪ್ಪ ತುದಿದಾರ) 2 ಮೀಟರ್. ಲೀಡರಿನ ಕೆಳತುದಿಯಿಂದ 40 ಸೆಂ.ಮೀ. ಮೇಲೆ ಮೊದಲ ಕವಲು (ಗಾಳ ಕಟ್ಟುವ ಅಡ್ಡದಾರ), ಅದರಿಂದ 50 ಸೆಂ.ಮೀ. ಮೇಲೆ ಎರಡನೆಯದು. ಕವಲಿನ ಉದ್ದ 20 ಸೆಂ.ಮೀ. ಮೀರಬಾರದು. ಎರಡು ಕವಲು ಸೇರಿದರೆ 40, ನಡುವಿನ ಅಂತರ 50, ಹಾಗಾಗಿ ಒಂದು ಗಾಳ ಇನ್ನೊಂದನ್ನು ಮುಟ್ಟುವುದಿಲ್ಲ.

ಸೀಸವನ್ನು ಲೀಡರಿಗೆ ನೇರವಾಗಿ ಕಟ್ಟಬೇಡಿ. ನಡುವೆ 5 ಕೆ.ಜಿ. ತಡೆಯುವ ತೆಳು ನೈಲಾನ್ ಒಂದು ಗೇಣು ಇರಲಿ. ಕಲ್ಲಿನ ಸಂದಿಗೆ ಮೊದಲು ಬೀಳುವುದು ಸೀಸವೇ. ಎಳೆದಾಗ ಆ ತೆಳು ದಾರ ಮಾತ್ರ ಹರಿಯುತ್ತದೆ, ಗಾಳ ಎರಡೂ ಮೇಲೆ ಬರುತ್ತವೆ. ಎಷ್ಟೋ ಸಲ ಗಾಳದಲ್ಲಿ ಮೀನೂ ಇರುತ್ತದೆ.

ಕಲ್ಲಿಗೆ ಸಿಕ್ಕಿದ್ದನ್ನು ರಾಡ್ ಬಗ್ಗಿಸಿ ಜಗ್ಗಬೇಡಿ, ತುದಿ ಮುರಿಯುತ್ತದೆ. ಬ್ರೇಡನ್ನು ಬರಿಗೈಗಂತೂ ಸುತ್ತಿಕೊಳ್ಳಲೇಬೇಡಿ, ಬ್ಲೇಡಿನಂತೆ ಕೊಯ್ಯುತ್ತದೆ. ಒಂದು ಅಡಿ ಮರದ ತುಂಡಿಗೆ ಏಳೆಂಟು ಸುತ್ತು ಹಾಕಿ ಹಿಡಿದುಕೊಳ್ಳಿ, ದೋಣಿಯ ಓಟವೇ ಎಳೆಯಲಿ.

ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಜಾರಲು ಬಿಡುವ ರೀಲಿನ ಬಿಗಿ) ಬೆರಳಲ್ಲಿ ಎಳೆದು ನೋಡಿ ಹೊಂದಿಸುವುದು ಲೆಕ್ಕವಲ್ಲ. ದಾರದ ತುದಿಯನ್ನು ತೂಗುವ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ರಾಡ್ ಬಗ್ಗಿಸಿ ಎಳೆಯಿರಿ. 14 ಕೆ.ಜಿ. ದಾರಕ್ಕೆ 3.5ರಿಂದ 4.5 ಕೆ.ಜಿ.ಯಲ್ಲಿ ಜಾರಬೇಕು. ಮೀನು ದೂರ ಓಡಿ ಸ್ಪೂಲಿನ ಸುತ್ತಳತೆ ಅರ್ಧಕ್ಕಿಳಿದರೆ ಅದೇ ಡ್ರ್ಯಾಗ್ ಎರಡರಷ್ಟು ಬಿಗಿಯಾಗುತ್ತದೆ. ಆ ಹೊತ್ತಿಗೆ ಗುಂಡಿ ತಿರುಗಿಸಿ ಇನ್ನೂ ಬಿಗಿ ಮಾಡುವವರದೇ ದಾರ ಹರಿಯುವುದು.

ಎರೆ: ಬೊಂಡಾಸದ (ಸ್ಕ್ವಿಡ್) ಪಟ್ಟಿ 10 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ, ಒಂದು ತುದಿ ಚೂಪು. ಅಗಲದ ತುದಿಯ ನಟ್ಟನಡುವೆ ಒಂದೇ ಸಲ ಚುಚ್ಚಿ, ಗಾಳದ ಮೊನೆ ಪೂರ್ತಿ ಹೊರಗಿರಲಿ. ಅಂಚಿಗೆ ಚುಚ್ಚಿದರೆ ಎರೆ ನೀರಲ್ಲಿ ಗಿರಗಿರ ತಿರುಗಿ ಕವಲು ಲೀಡರಿಗೆ ಹುರಿಗೊಳ್ಳುತ್ತದೆ. ಮೇಲೆಳೆದಾಗ ಕವಲು ತಿರುಚಿಕೊಂಡಿದ್ದರೆ ಕಾರಣ ಇದೇ.

ಉಬ್ಬರವಿಳಿತ:

@ಸೀಸದಗುಂಡು ಸರ್, ಗಾಳದ ಜಾತಿಯನ್ನೂ ಹೇಳಬೇಕಿತ್ತು. ಹೊಸಬರಿದ್ದರೆ 5/0 ಅಳತೆಯ ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ಗಾಳ) ಒಳ್ಳೆಯದು. ಅದಕ್ಕೆ ರಾಡನ್ನು ಫಕ್ಕನೆ ಮೇಲಕ್ಕೆ ಜಗ್ಗಬಾರದು. ಜಗ್ಗಿದರೆ ಮೀನಿನ ಬಾಯಿಂದ ಗಾಳ ಹಾಗೇ ಜಾರಿ ಬರುತ್ತದೆ. ರಾಡ್ ಬಾಗುವವರೆಗೆ ಕಾದು, ನಿಧಾನವಾಗಿ ರೀಲ್ ಸುತ್ತುತ್ತಾ ಬಂದರೆ ಗಾಳ ಬಾಯಿಯ ಮೂಲೆಗೆ ತಾನೇ ಕಚ್ಚಿಕೊಳ್ಳುತ್ತದೆ. ಗಂಟಲಿಗೆ ಇಳಿಯುವುದು ಕಡಿಮೆಯಾದ್ದರಿಂದ ಮರಿಮೀನನ್ನು ವಾಪಸ್ ಬಿಡುವುದೂ ಸುಲಭ.

ಬಿಡುವಾಗ ಒಂದು ಎಚ್ಚರ. ಆಳದಿಂದ ಬಂದ ಮೀನಿನ ಬಾಯಲ್ಲಿ ಬಲೂನಿನಂತೆ ಉಬ್ಬಿ ನಿಂತಿರುವುದು ಗಾಳಿಚೀಲವಲ್ಲ, ಹೊಟ್ಟೆ. ಗಾಳಿಚೀಲ ಒಳಗೆ ಹಿಗ್ಗಿ ಅದನ್ನು ಹೊರಗೆ ದೂಡಿರುತ್ತದೆ. ಅದಕ್ಕೆ ಚುಚ್ಚಬೇಡಿ. ಮುಳ್ಳು ಸವೆಸಿದ ದೊಡ್ಡ ಗಾಳವೊಂದನ್ನು ತಲೆಕೆಳಗಾಗಿ ಭಾರದ ಸೀಸಕ್ಕೆ ಕಟ್ಟಿ, ಮೀನಿನ ಕೆಳತುಟಿಗೆ ಸಿಕ್ಕಿಸಿ ತಳದವರೆಗೆ ಇಳಿಸಿ. ಅಲ್ಲಿ ಒತ್ತಡಕ್ಕೆ ಚೀಲ ಕುಗ್ಗಿರುತ್ತದೆ. ದಾರವನ್ನು ಒಮ್ಮೆ ಮೇಲಕ್ಕೆ ಜಗ್ಗಿದರೆ ಮೀನು ಬಿಡಿಸಿಕೊಂಡು ಹೋಗುತ್ತದೆ.

ಉಪ್ಪುಗಾಳಿ:

ಮೀನು ಮೆತ್ತಗಾಗುವುದಕ್ಕೆ ಉತ್ತರ. ಮೀನು ದೋಣಿಯೊಳಗೆ ಬಿದ್ದು ಬಡಿದಾಡಲು ಬಿಟ್ಟರೆ ಅಲ್ಲೇ ಮಾಂಸ ಕೆಡಲು ಶುರು. ತಲೆಗೊಂದು ಏಟು ಕೊಟ್ಟು, ಎರಡೂ ಬದಿಯ ಕಿವಿರಿನ ಬುಡ ಕತ್ತರಿಸಿ, ತಲೆ ಕೆಳಗಾಗಿ ಸಮುದ್ರದ ನೀರಿನ ಬಕೆಟ್ಟಿನಲ್ಲಿ ಐದು ನಿಮಿಷ ಇಡಿ. ರಕ್ತ ಬಸಿದ ಮೇಲೆ ನೇರ ಐಸ್ ಪೆಟ್ಟಿಗೆಗೆ.

ಪೆಟ್ಟಿಗೆಯಲ್ಲಿ ಬರೀ ಐಸ್ ಗಡ್ಡೆ ಇದ್ದರೆ ಸಾಲದು. ಗಡ್ಡೆ ತಾಗಿದ ಕಡೆ ಮಾತ್ರ ತಣ್ಣಗಾಗುತ್ತದೆ. ಪುಡಿ ಐಸ್ ಎರಡು ಪಾಲು, ಸಮುದ್ರದ ನೀರು ಒಂದು ಪಾಲು ಬೆರೆಸಿ. ಉಪ್ಪುನೀರಾದ್ದರಿಂದ ಆ ಮಡ್ಡಿ ಸೊನ್ನೆ ಡಿಗ್ರಿಗಿಂತ ಸ್ವಲ್ಪ ಕೆಳಗಿಳಿದು ಮೀನನ್ನು ಸುತ್ತಲಿಂದಲೂ ಅಪ್ಪಿಕೊಳ್ಳುತ್ತದೆ. ಬಿಸಿಲಿನ ದಿನಕ್ಕೆ ಒಂದು ಕೆ.ಜಿ. ಮೀನಿಗೆ ಒಂದು ಕೆ.ಜಿ. ಐಸ್ ಲೆಕ್ಕ. ಹಿಂದಿನ ರಾತ್ರಿಯೇ ಪೆಟ್ಟಿಗೆಗೆ ಸ್ವಲ್ಪ ಐಸ್ ಹಾಕಿ ತಣಿಸಿಡಿ, ಇಲ್ಲದಿದ್ದರೆ ಬೆಳಗಿನ ಐಸ್ ಪೆಟ್ಟಿಗೆಯನ್ನು ತಣಿಸುವುದರಲ್ಲೇ ಕರಗುತ್ತದೆ.

ಬಂಗುಡೆ, ಅಂಜಲ್, ಟ್ಯೂನಾ ಸಿಕ್ಕರೆ ಒಂದು ನಿಮಿಷವೂ ಬಿಸಿಲಲ್ಲಿ ಬಿಡಬೇಡಿ. ಬಿಸಿಗೆ ಇವುಗಳ ಮಾಂಸದಲ್ಲಿ ಬ್ಯಾಕ್ಟೀರಿಯಾ ಹಿಸ್ಟಮಿನ್ ಮಾಡುತ್ತವೆ. ಅದು ಬೇಯಿಸಿದರೂ ಹೋಗುವುದಿಲ್ಲ, ವಾಸನೆಯಿಂದ ಗೊತ್ತಾಗಲೇಬೇಕೆಂದೂ ಇಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ತಲೆನೋವು, ತುರಿಕೆ ಬರುತ್ತದೆ.

ಫ್ಲಾಸ್ಕಿನಲ್ಲಿ ಬಿಸಿನೀರು ಇರಲಿ. ತೊರಕೆ ಮೀನಿನ (ಸ್ಟಿಂಗ್ ರೇ) ಬಾಲದ ಮುಳ್ಳು ಅಥವಾ ಬೇರೆ ವಿಷದ ಮುಳ್ಳು ಚುಚ್ಚಿದರೆ, 45 ಡಿಗ್ರಿ ಮೀರದಂತೆ ತಣ್ಣೀರು ಬೆರೆಸಿ 30ರಿಂದ 90 ನಿಮಿಷ ಅದ್ದಿಟ್ಟರೆ ನೋವು ಇಳಿಯುತ್ತದೆ. ಮೊದಲು ಚುಚ್ಚದ ಕೈಯಲ್ಲಿ ಬಿಸಿ ನೋಡಿ. ಮುಳ್ಳು ಆಳಕ್ಕೆ ಹೋಗಿದ್ದರೆ ಅಥವಾ ಎದೆ, ಹೊಟ್ಟೆಗೆ ತಾಗಿದ್ದರೆ ಕೀಳಬೇಡಿ, ತಡಮಾಡದೆ ಆಸ್ಪತ್ರೆಗೆ ಹೊರಡಿ.

ತಿಳಿನೀರು:

ತುಂಬಾ ಧನ್ಯವಾದ. ಇನ್ನೆರಡು ಸಂದೇಹ. ನಮ್ಮಲ್ಲಿ ಒಬ್ಬರಿಗೆ ಕಡಲೆಂದರೆ ವಾಂತಿ. ಮತ್ತೆ, ಒಳ್ಳೆಯ ಕಲ್ಲು ಸಿಕ್ಕರೆ ತೇಲುವ ಬದಲು ಲಂಗರು ಹಾಕಬಹುದೇ?

ತೆರೆನೊರೆ:

ವಾಂತಿಯ ಮಾತ್ರೆ ಹೊರಡುವ ಒಂದು ಗಂಟೆ ಮೊದಲೇ ನುಂಗಬೇಕು. ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದರಿಂದ ನಿದ್ದೆ ಬರುತ್ತದೆ, ಹಾಗಾಗಿ ದೋಣಿ ನಡೆಸುವವರಿಗೆ ಬೇಡ. ವಾಂತಿ ಬರುವವರನ್ನು ಮೂತಿಯಲ್ಲಿ ಕೂರಿಸಬೇಡಿ, ಕುಲುಕು ಅಲ್ಲೇ ಹೆಚ್ಚು. ದೋಣಿಯ ನಡುವೆ, ಎಂಜಿನ್ ಹೊಗೆ ಬಾರದ ಕಡೆ, ಕಣ್ಣು ದಿಗಂತದ ಮೇಲೆ. ತಲೆ ತಗ್ಗಿಸಿ ಗಂಟು ಹಾಕುತ್ತಾ ಕೂತರೆ ಗಟ್ಟಿಗರಿಗೂ ತಲೆ ಸುತ್ತುತ್ತದೆ. ಅದಕ್ಕೇ ಲೀಡರ್, ಕವಲು, ಗಾಳ ಸೇರಿದ ಜೋಡಣೆ ತಲಾ ಎಂಟು ಮನೆಯಲ್ಲೇ ಕಟ್ಟಿ, ರಟ್ಟಿಗೆ ಸುತ್ತಿ ತನ್ನಿ.

ಲಂಗರು ಹಾಕಬಹುದು. 30 ಮೀಟರ್ ಆಳಕ್ಕೆ ಐದರಷ್ಟು, ಅಂದರೆ 150 ಮೀಟರ್ ಹಗ್ಗ ಇರಬೇಕು, ತುದಿಯಲ್ಲಿ ದೋಣಿಯಷ್ಟು ಉದ್ದದ ಸರಪಳಿ. ಹಗ್ಗ ಗಿಡ್ಡವಾದರೆ ಲಂಗರು ಮೇಲಕ್ಕೆ ಎಳೆದಂತಾಗಿ ಕಿತ್ತು ಬರುತ್ತದೆ. ಕಟ್ಟುವುದು ಮೂತಿಯಲ್ಲಿ ಮಾತ್ರ. ಹಿಂಬದಿಗೆ ಕಟ್ಟಿದರೆ ಎಂಜಿನ್ ಭಾರಕ್ಕೆ ಮೊದಲೇ ತಗ್ಗಾಗಿರುವ ಕಡೆಯಿಂದ ಅಲೆ ಒಳಗೆ ನುಗ್ಗಿ ದೋಣಿ ಮುಳುಗುತ್ತದೆ.

ಕಲ್ಲಿನ ತಳವಾದ್ದರಿಂದ ಸರಪಳಿಯನ್ನು ಲಂಗರಿನ ಮೇಲಿನ ಬಳೆಗೆ ಕಟ್ಟದೆ, ಕೊಕ್ಕೆಗಳು ಕೂಡುವ ಬುಡಕ್ಕೆ ಭದ್ರವಾಗಿ ಕಟ್ಟಿ. ಅಲ್ಲಿಂದ ಕಾಂಡದ ಗುಂಟ ತಂದು ಮೇಲಿನ ಬಳೆಗೆ ಪ್ಲಾಸ್ಟಿಕ್ ಕೇಬಲ್ ಟೈನಿಂದ ಬಿಗಿಯಿರಿ. ಸಾಮಾನ್ಯ ಎಳೆತಕ್ಕೆ ಟೈ ತಡೆಯುತ್ತದೆ. ಲಂಗರು ಸಂದಿಗೆ ಸಿಕ್ಕಾಗ ಹಗ್ಗ ಗಿಡ್ಡ ಮಾಡಿ ಜೋರಾಗಿ ಎಳೆದರೆ ಟೈ ಹರಿದು, ಲಂಗರು ಬುಡ ಮೇಲಾಗಿ ಹಿಂದಕ್ಕೆ ಬಿಡಿಸಿಕೊಳ್ಳುತ್ತದೆ. ಗಾಳಿ ಜೋರಿದ್ದರೆ ಈ ಕಟ್ಟು ನಂಬಬೇಡಿ. ಮೂತಿಯ ಹತ್ತಿರ ಒಂದು ಹರಿತ ಚಾಕು ಸದಾ ಇರಲಿ.

ಉಬ್ಬರವಿಳಿತ:

ಹೊರಡುವ ಮೊದಲು ಮೂರು ನೋಡಿ. ಇಂಧನ: ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಮುಟ್ಟದೆ ಇಡಲು. ಅಲೆ: ಎತ್ತರ ಮಾತ್ರ ನೋಡಬೇಡಿ. ಹತ್ತು ಸೆಕೆಂಡಿಗೊಮ್ಮೆ ಬರುವ ಒಂದು ಮೀಟರ್ ಅಲೆ ದೋಣಿಯನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ, ನಾಲ್ಕು ಸೆಕೆಂಡಿಗೊಮ್ಮೆ ಬರುವ ಅದೇ ಒಂದು ಮೀಟರ್ ಅಲೆ ಬಡಿಯುತ್ತದೆ. ಅಳಿವೆ ದಾಟಬೇಕಿದ್ದರೆ ಇಳಿತದ ಹೊತ್ತು ಬೇಡ. ಹೊರಕ್ಕೆ ಹರಿಯುವ ನೀರಿಗೆ ಒಳಬರುವ ಅಲೆ ಎದುರಾಗಿ ಅಲ್ಲೇ ಮಗುಚಿ ಒಡೆಯುತ್ತದೆ. ವಾಪಸಾಗುವ ಹೊತ್ತಿಗೆ ಉಬ್ಬರ ಏರುತ್ತಿರುವಂತೆ ಸಮಯ ಹೊಂದಿಸಿಕೊಳ್ಳಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ.