ಸಹಾಯ ಬೇಕು: ಹಾಸನದಲ್ಲಿ ಎಂಆರ್‌ಐ ಯಂತ್ರ ಒಂದು ಗಂಟೆ ಸಿಗಬಹುದಾ?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಓದುತ್ತಿದ್ದೇನೆ. ಎಂಆರ್‌ಐನಲ್ಲಿ ಲಿವರ್ ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಔಷಧ ನನ್ನ ಪ್ರಾಜೆಕ್ಟ್.

ಇಂಥ ಔಷಧ ಇಲ್ಲವೇ ಇಲ್ಲ ಅಂತಲ್ಲ. ಗ್ಯಾಡಾಕ್ಸಿಟೇಟ್ ಇದೆ. ಚುಚ್ಚಿದ್ದರಲ್ಲಿ ಸುಮಾರು ಅರ್ಧದಷ್ಟು ಲಿವರ್ ಕೋಶಗಳ ಒಳಗೆ ಹೋಗಿ ಪಿತ್ತದ ಜೊತೆ ಹೊರಬೀಳುತ್ತದೆ, ಉಳಿದದ್ದು ಮೂತ್ರದಲ್ಲಿ. 20 ನಿಮಿಷ ಬಿಟ್ಟು ತೆಗೆದ ಚಿತ್ರದಲ್ಲಿ ಲಿವರ್ ಬೆಳ್ಳಗೆ, ಕ್ಯಾನ್ಸರ್ ಗಡ್ಡೆ ಸಾಮಾನ್ಯವಾಗಿ ಕಪ್ಪಗೆ ಕಾಣುತ್ತದೆ. ಆದರೆ ಅದರಲ್ಲಿರುವುದು ಗ್ಯಾಡೋಲಿನಿಯಂ ಅನ್ನುವ ಲೋಹ. ಕಿಡ್ನಿ ತೀರಾ ಕೆಟ್ಟವರಿಗೆ ಅದನ್ನು ಕೊಡಲು ಡಾಕ್ಟರ್‌ಗಳು ಹಿಂದೆಮುಂದೆ ನೋಡುತ್ತಾರೆ.

ಅದಕ್ಕೇ ನಾನು ಕಬ್ಬಿಣದ ಆಕ್ಸೈಡ್ ಹಿಡಿದಿದ್ದೇನೆ. ನ್ಯಾನೋ ಕಣಗಳ ಮೇಲೆ ಗ್ಯಾಲಕ್ಟೋಸ್ ಲೇಪನ. ಹೆಪಟೊಸೈಟ್ ಅನ್ನುವ ಮುಖ್ಯ ಲಿವರ್ ಕೋಶಗಳ ಮೇಲೆ ಗ್ಯಾಲಕ್ಟೋಸ್ ಗುರುತಿಸಿ ಒಳಗೆ ಎಳೆದುಕೊಳ್ಳುವ ರಿಸೆಪ್ಟರ್ ಇದೆ. ತಲೆನೋವು ಕುಪ್ಫರ್ ಕೋಶಗಳದ್ದು, ಅಂದರೆ ಲಿವರ್‌ನಲ್ಲೇ ಇದ್ದು ಹೊರಗಿನ ಕಣಗಳನ್ನು ನುಂಗುವ ಕೋಶಗಳು. ಕಣ ದಪ್ಪವಾಯಿತೋ, ಈ ಕಾವಲುಗಾರರು ಮೊದಲೇ ನುಂಗಿಬಿಡುತ್ತಾರೆ. ಹಳೆಯ ಕಬ್ಬಿಣದ ಕಾಂಟ್ರಾಸ್ಟ್‌ಗಳು ನಂಬಿಕೊಂಡಿದ್ದೇ ಅದನ್ನು. ನನಗೆ ಅದು ಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಕಣ ಬೆರೆಸಿದ ಅಗರ್ ಜೆಲ್ ಟ್ಯೂಬ್‌ಗಳನ್ನು ಸ್ಕ್ಯಾನ್ ಮಾಡಿ ಟಿ2 (ಎಂಆರ್‌ಐ ಸಿಗ್ನಲ್ ಎಷ್ಟು ಬೇಗ ಆರಿಹೋಗುತ್ತದೆ ಅನ್ನುವ ಅಳತೆ) ಅಳೆಯಬೇಕು. ಬೇರೆ ಬೇರೆ ಎಕೋ ಟೈಮ್‌ನಲ್ಲಿ (ಸಿಗ್ನಲ್ ಹಿಡಿಯುವ ಮುನ್ನ ಕಾಯುವ ಸಮಯ) ಸ್ಪಿನ್ ಎಕೋ ಅನ್ನುವ ಬಗೆಯ ಚಿತ್ರ ಸಿಕ್ಕರೆ ಸಾಕು, ಲೆಕ್ಕ ನಾನೇ ಹಾಕುತ್ತೇನೆ. ಪ್ರಾಣಿ, ಮನುಷ್ಯರ ಮೇಲೆ ಏನೂ ಇಲ್ಲ, ಸುಮ್ನೆ ಮುಚ್ಚಿದ ಟ್ಯೂಬ್‌ಗಳು. ರೋಗಿಗಳಿಲ್ಲದ ಹೊತ್ತು, ರಾತ್ರಿಯಾದರೂ ಸರಿ. ಗೈಡ್ ಪತ್ರ ಕೊಡುತ್ತಾರೆ. ಜಾಸ್ತಿ ಅಲ್ಲದಿದ್ದರೆ ಶುಲ್ಕವನ್ನೂ ಕಟ್ಟುತ್ತೇನೆ.

ಸ್ಕ್ಯಾನ್ ಸೆಂಟರ್‌ನಲ್ಲಿ ಕೆಲಸ ಮಾಡುವ ಅಣ್ಣಂದಿರು, ಅಕ್ಕಂದಿರು ಯಾರಾದರೂ ಇದ್ದರೆ ಯಾರನ್ನು ಕೇಳಬೇಕು ಅಂತಾದರೂ ಹೇಳಿ. ಚಿಕ್ಕಮಗಳೂರಾದರೂ ತೊಂದರೆಯಿಲ್ಲ, ಬೇಲೂರು ಮೇಲೆ ಬಸ್ಸಿದೆಯಲ್ವಾ.